ಕಣದ ರೋಣಗಲ್ಲು, ಮೈದಾನದ ರೋಲರ್



ಆಟದ ಮೈದಾನದ ಮೂಲೆಯಲ್ಲಿ ನಿಂತಿರುವ ರೋಲರನ್ನು ನೀವು ನೋಡಿರುತ್ತೀರಿ. ನೆಲವನ್ನು ಸಮ ಮಾಡುವ ಒಂದು ಭಾರವಾದ ಉರುಳೆ, ಅಷ್ಟೇ ಎಂದು ನಮಗೆ ತೋರುತ್ತದೆ. ಆದರೆ ಎಷ್ಟು ಭಾರದ ರೋಲರನ್ನು, ಯಾವ ಮಣ್ಣಿನ ಮೇಲೆ, ಯಾವಾಗ ಉರುಳಿಸಬೇಕು ಎಂಬ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ಅದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರಾಗಿ ಕಣಗಳಿಂದಲೇ ಆರಂಭಿಸಬಹುದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರು ಸುಗ್ಗಿಗೆ ಮುನ್ನ ಕಣ ಮಾಡುತ್ತಿದ್ದರು. ನೆಲವನ್ನು ಕೆತ್ತಿ ಸಮಮಾಡಿ, ನೀರು ಚಿಮುಕಿಸಿ, ಅದು ಇಂಗುವವರೆಗೆ ಕಾದು, ಆಮೇಲೆ ಗಟ್ಟಿಸಿ, ಕೊನೆಗೆ ಸಗಣಿಯಿಂದ ಸಾರಿಸುತ್ತಿದ್ದರು. ಅದರ ಮೇಲೆ ತೆನೆ ಹರಡಿ, ಎತ್ತು ಕಟ್ಟಿ ರೋಣಗಲ್ಲನ್ನು ಉರುಳಿಸಿದರೂ ನೆಲದ ಮಣ್ಣು ಎದ್ದು ಕಾಳಿನೊಡನೆ ಬೆರೆಯುತ್ತಿರಲಿಲ್ಲ. ಇಂದು ಒಕ್ಕಣೆಯ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ವಹಿಸಿಕೊಂಡಿವೆ. ಆದರೆ ನೀರು ಇಂಗುವವರೆಗೆ ಕಾಯುವ ಆ ತಾಳ್ಮೆಯಲ್ಲಿಯೇ ನಮ್ಮ ಪ್ರಶ್ನೆಯ ಉತ್ತರವಿದೆ.

ಒಣಮಣ್ಣಿನ ಕಣಗಳು ಒಂದರ ಮೇಲೊಂದು ಜಾರುವುದಿಲ್ಲ. ಎಷ್ಟು ಭಾರ ಹೇರಿದರೂ ಮೇಲ್ಪದರ ಪುಡಿಯಾಗುತ್ತದೆ. ನೀರು ಹೆಚ್ಚಾದರೆ ಕಣಗಳ ನಡುವಿನ ಜಾಗವನ್ನು ನೀರೇ ತುಂಬಿ ಕೆಸರಾಗುತ್ತದೆ. ಇವೆರಡರ ನಡುವಿನ ಹದದಲ್ಲಿ ಮಾತ್ರ ಮಣ್ಣು ಚೆನ್ನಾಗಿ ಬಿಗಿಯುತ್ತದೆ. ಅಮೆರಿಕದ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್ ಅವರು ಮಣ್ಣಿನ ಅಣೆಕಟ್ಟುಗಳ ಸಲುವಾಗಿ ಈ ಹದವನ್ನು ಅಳೆಯುವ ಕ್ರಮವನ್ನು 1933ರಲ್ಲಿ ಪ್ರಕಟಿಸಿದರು. ನಮ್ಮ ರೈತರು ಅದನ್ನು ಕೈಯಿಂದಲೇ ಅರಿತಿದ್ದರು.

ಇನ್ನು ಕ್ರಿಕೆಟ್ಟಿನ ಕಡೆ ನೋಡೋಣ. ಇಂಗ್ಲೆಂಡಿನ ಎಂ.ಸಿ.ಸಿ. 1788ರಲ್ಲಿ ಹೊರತಂದ ನಿಯಮಗಳು, ಎರಡೂ ತಂಡಗಳು ಒಪ್ಪಿದರೆ ಪಿಚ್ಚಿಗೆ ರೋಲರ್ ಹಾಕಲು ಅವಕಾಶ ನೀಡಿದವು. ಆದರೂ ಪಿಚ್ಚುಗಳು ಬಹುಕಾಲ ಉಬ್ಬುತಗ್ಗಾಗಿಯೇ ಇದ್ದವು. 1870ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪುಟಿದೆದ್ದ ಚೆಂಡು ತಲೆಗೆ ಬಡಿದು ಜಾರ್ಜ್ ಸಮ್ಮರ್ಸ್ ಎಂಬ ಯುವ ಆಟಗಾರ ಕೆಲವೇ ದಿನಗಳಲ್ಲಿ ತೀರಿಕೊಂಡ. ನೆಲವನ್ನು ಸರಿಯಾಗಿ ಸಿದ್ಧಪಡಿಸುವುದು ಅಂದಕ್ಕಾಗಿ ಮಾತ್ರವಲ್ಲ, ಆಡುವವರ ಪ್ರಾಣರಕ್ಷಣೆಗಾಗಿ ಎಂಬುದನ್ನು ಈ ದುರಂತ ತೋರಿಸಿಕೊಟ್ಟಿತು.

ಇಂದಿನ ನಿಯಮದಂತೆ ಪಂದ್ಯದ ಮೊದಲ ಇನ್ನಿಂಗ್ಸ್ ಬಿಟ್ಟು ಉಳಿದ ಪ್ರತಿ ಇನ್ನಿಂಗ್ಸಿಗೆ ಮುನ್ನ, ಹಾಗೂ ಎರಡನೆಯ ದಿನದಿಂದ ಪ್ರತಿದಿನದ ಆಟಕ್ಕೆ ಮುನ್ನ, ಹೆಚ್ಚೆಂದರೆ 7 ನಿಮಿಷ ರೋಲರ್ ಹಾಕಿಸಬಹುದು. ಹಗುರವಾದುದೋ ಭಾರವಾದುದೋ ಎಂಬ ಆಯ್ಕೆ ಬ್ಯಾಟಿಂಗ್ ಮಾಡುವ ತಂಡದ ನಾಯಕನದು. ಆದರೆ ಒಣಗಿ ಬಿರಿದ ಮಣ್ಣನ್ನು ಯಾವ ರೋಲರೂ ಮತ್ತೆ ಬೆಸೆಯಲಾರದು. 1987ರ ಮಾರ್ಚಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಪಾಕಿಸ್ತಾನದ ವಿರುದ್ಧದ ಟೆಸ್ಟನ್ನು ನೆನೆಯಿರಿ. ಚೆಂಡು ತಿರುಗಿ ಪುಟಿಯುತ್ತಿದ್ದ ಆ ಪಿಚ್ಚಿನಲ್ಲಿ ಸುನಿಲ್ ಗವಾಸ್ಕರ್ 96 ರನ್ ಗಳಿಸಿದರೂ ಭಾರತ 16 ರನ್ನುಗಳಿಂದ ಸೋತಿತು.

2024ರ ಸೆಪ್ಟೆಂಬರಿನಲ್ಲಿ ದೇವನಹಳ್ಳಿಯ ಕಡೆ, ಕೆಂಪೇಗೌಡ ವಿಮಾನ ನಿಲ್ದಾಣದ ಸಮೀಪ, ಭಾರತೀಯ ಕ್ರಿಕೆಟ್ ಮಂಡಳಿಯ ಹೊಸ ತರಬೇತಿ ಕೇಂದ್ರ ಆರಂಭವಾಯಿತು. ಅಲ್ಲಿಯ ಪಿಚ್ಚುಗಳಿಗೆ ಮುಂಬೈಯ ಕೆಂಪು ಮಣ್ಣು, ಮಂಡ್ಯದ ಮಣ್ಣು, ಒಡಿಶಾದ ಕಾಳಾಹಂಡಿಯ ಕಪ್ಪು ಮಣ್ಣು ಹೀಗೆ ಬೇರೆಬೇರೆ ಮಣ್ಣನ್ನು ತಂದು ಬಳಸಿದ್ದಾರೆ. ಜೇಡಿಯ ಅಂಶ ಹೆಚ್ಚಿರುವ ಕಪ್ಪು ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಜೇಡಿ ಕಡಿಮೆಯಿರುವ ಮಣ್ಣು ಬೇಗ ಒಣಗುತ್ತದೆ. ಆದ್ದರಿಂದ ಒಂದೇ ರೋಲರನ್ನು ಒಂದೇ ಹೊತ್ತಿನಲ್ಲಿ ಎಲ್ಲ ಮಣ್ಣಿಗೂ ಹಾಕಲಾಗದು.

ಆಯ್ಕೆ ಮಾಡುವುದು ಹೇಗೆ? ಒಂದು ಸಣ್ಣ ಲೆಕ್ಕ ಮಾಡಿ. 60 ಸೆಂಟಿಮೀಟರ್ ವ್ಯಾಸ, 90 ಸೆಂಟಿಮೀಟರ್ ಉದ್ದದ ಗ್ರಾನೈಟ್ ರೋಲರ್ ಸುಮಾರು 690 ಕಿಲೋ ತೂಗುತ್ತದೆ. 40 ಸೆಂಟಿಮೀಟರ್ ವ್ಯಾಸ, 60 ಸೆಂಟಿಮೀಟರ್ ಉದ್ದದ್ದು ಸುಮಾರು 200 ಕಿಲೋ. ಮೊದಲನೆಯದು ಮೂರು ಪಟ್ಟಿಗಿಂತ ಹೆಚ್ಚು ಭಾರವಾದರೂ, ಅಗಲದ ಪ್ರತಿ ಸೆಂಟಿಮೀಟರಿಗೆ ಬೀಳುವ ಭಾರ ಎರಡು ಪಟ್ಟಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಆದ್ದರಿಂದ ಒಟ್ಟು ತೂಕವನ್ನಷ್ಟೇ ಕೇಳಬಾರದು. ಅದು ಎಷ್ಟು ಅಗಲಕ್ಕೆ ಹಂಚಿಹೋಗುತ್ತದೆ ಎಂಬುದನ್ನೂ ನೋಡಬೇಕು. ಒಳಗೆ ನೀರು ತುಂಬುವ ಟೊಳ್ಳು ರೋಲರಾದರೆ ಭಾರವನ್ನು ಬೇಕಾದಂತೆ ಹೆಚ್ಚಿಸಬಹುದು, ಇಳಿಸಬಹುದು. ಪಿಚ್ ಸಿದ್ಧಪಡಿಸುವಾಗ ಮೊದಲು ಹಗುರವಾಗಿ ಆರಂಭಿಸಿ, ಮಣ್ಣು ಬಿಗಿಯುತ್ತ ಬಂದಂತೆ ಭಾರವನ್ನು ಏರಿಸುವುದು ಕ್ರಮ.

ಪಿಚ್ಚಿನ ಮಾತು ಬೇರೆ, ಇಡೀ ಮೈದಾನದ ಮಾತು ಬೇರೆ. ಕಬಡ್ಡಿ, ಖೋಖೋ, ಓಟಗಳಲ್ಲಿ ಮಕ್ಕಳು ಬೀಳುವುದು ಸಹಜ. ಅಲ್ಲಿ ನೆಲ ಸಮವಾಗಿರಬೇಕು, ಕಲ್ಲಿನಂತಾಗಬಾರದು. ಕ್ರೀಡಾಕೂಟಕ್ಕೆ ಮುನ್ನ ರಸ್ತೆ ರೋಲರ್ ತರಿಸಿ ಶಾಲಾ ಮೈದಾನದ ಮೇಲೆ ಓಡಿಸಿದರೆ ಅಂದಿಗೆ ನೆಲ ನುಣುಪಾಗಿ ಕಾಣುತ್ತದೆ. ಆದರೆ ಮುಂದೆ ಮಳೆನೀರು ಇಂಗದೆ ನಿಲ್ಲುತ್ತದೆ, ಹುಲ್ಲಿನ ಬೇರು ಇಳಿಯುವುದಿಲ್ಲ, ಬಿದ್ದವರಿಗೆ ಪೆಟ್ಟೂ ಹೆಚ್ಚು. ಇಲ್ಲಿಗೆ ಹಗುರ ರೋಲರೇ ಸಾಕು. ಗುಂಡಿಗಳನ್ನು ಮೊದಲು ಮಣ್ಣು ತುಂಬಿಯೇ ಮುಚ್ಚಬೇಕು.

ನಿಮ್ಮ ಶಾಲೆಯ ಮೈದಾನದಲ್ಲಿ ರೋಲರ್ ಹಾಕುವ ಮುನ್ನ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ. ಕೈಗೆ ಅಂಟಿದರೆ ಇನ್ನೂ ಕಾಯಿರಿ. ಉದುರಿಹೋದರೆ ನೀರು ಚಿಮುಕಿಸಿ. ಹದವಾದ ಮುದ್ದೆಯಂತೆ, ಕೈಗೆ ಅಂಟದೆ ಉಂಡೆ ನಿಂತರೆ ರೋಲರ್ ಎಳೆಯಲು ಅದೇ ತಕ್ಕ ಹೊತ್ತು.