ಅದಮಾರಿನಿಂದ ಸಿಗ್ನಸ್‌ವರೆಗೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಮ್ಮ ಗುಲ್ವಾಡಿಯ ಹೆಸರು ಉಳಿದಿರುವುದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯಿಂದ. ಅದು ಪ್ರಕಟವಾದದ್ದು 1899ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1895ರಲ್ಲಿ, ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಿದ್ದರು. ಮುರಿದ ಮೂಳೆಯನ್ನು ತೋರಿಸುವ ಅದೇ ಕಿರಣ ಮುಂದೆ ಕಪ್ಪುಕುಳಿಗಳ ಸುಳಿವನ್ನೂ ಕೊಟ್ಟಿತು. ಆ ಶೋಧದ ಭಾರತೀಯ ಅಧ್ಯಾಯದಲ್ಲಿ ನಮ್ಮ ಕರಾವಳಿಯವರೊಬ್ಬರ ಪಾಲು ಹಿರಿದಾಗಿದೆ.

ಕಪ್ಪುಕುಳಿಯಿಂದ ಬೆಳಕು ಹೊರಬಾರದು. ಹಾಗಿದ್ದರೆ ಅದನ್ನು ಕಾಣುವ ಬಗೆ ಹೇಗೆ? ಸಮೀಪದ ನಕ್ಷತ್ರದಿಂದ ಸೆಳೆಯಲ್ಪಟ್ಟ ಅನಿಲವು ಸುಳಿಯಂತೆ ಸುತ್ತುತ್ತಾ ಒಳಸರಿಯುವಾಗ ಕೋಟಿಗಟ್ಟಲೆ ಡಿಗ್ರಿಗೆ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಆದರೆ ಗೊರಬು ಹೊದ್ದವರ ಬೆನ್ನಿಗೆ ಮಳೆಹನಿ ತಾಗದಂತೆ, ವಾಯುಮಂಡಲ ಹೊದ್ದ ಭೂಮಿಗೆ ಈ ಕಿರಣಗಳು ತಲುಪುವುದಿಲ್ಲ. ಆದ್ದರಿಂದ ಉಪಕರಣವನ್ನು ಮೇಲಕ್ಕೆ ಒಯ್ಯಬೇಕು. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ರಾಕೆಟ್ಟಿನ ಮೂಲಕ ಸ್ಕಾರ್ಪಿಯಸ್ ಎಕ್ಸ್-1 ಎಂಬ ಆಕರವನ್ನು ಕಂಡರು. 1970ರಲ್ಲಿ ಹಾರಿದ ಉಹುರು ಉಪಗ್ರಹವು ಸಿಗ್ನಸ್ ಎಕ್ಸ್-1ರ ಕ್ಷ-ಕಿರಣ ಕ್ಷಣಮಾತ್ರದಲ್ಲಿ ಏರಿಳಿಯುವುದನ್ನು ತೋರಿಸಿತು. ಇಷ್ಟು ಬೇಗ ಮಿನುಗುವ ವಸ್ತು ಬಹಳ ಕಿರಿದಾಗಿರಲೇಬೇಕು. ಅದರ ಜೊತೆಗಾರ ನೀಲಿ ನಕ್ಷತ್ರವು 5.6 ದಿನಗಳಿಗೊಮ್ಮೆ ಸುತ್ತುವುದನ್ನು ಅಳೆದಾಗ, ಆ ಕಿರಿದಾದ ವಸ್ತುವಿನ ತೂಕ ಸೂರ್ಯನಿಗಿಂತ ಹಲವು ಪಟ್ಟು ಎಂದು ತಿಳಿಯಿತು. 2021ರ ಲೆಕ್ಕದಂತೆ ಅದು ಸುಮಾರು 21 ಪಟ್ಟು.

ನಮ್ಮಲ್ಲಿ ಈ ಕೆಲಸ ಬಲೂನು ಮತ್ತು ರಾಕೆಟ್ಟುಗಳಿಂದ ಮೊದಲಾಯಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೈದರಾಬಾದಿನಲ್ಲಿ ಬಲೂನುಗಳನ್ನು ಹಾರಿಸಿದರು. 1932ರಲ್ಲಿ ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಯು.ಆರ್. ರಾವ್ ಅವರು ಅಹಮದಾಬಾದಿನಲ್ಲಿದ್ದು ತುಂಬಾದ ರಾಕೆಟ್ಟುಗಳನ್ನು ಬಳಸಿದರು. ಮುಂದೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ರೂಪುಗೊಂಡಿತು.

'ಭಾರತದ ಪ್ರಥಮ ಉಪಗ್ರಹ ಯಾವುದು?' ಎಂಬುದು ಶಾಲೆಗಳಲ್ಲಿ ಒಂದು ಅಂಕದ ಪ್ರಶ್ನೆ. ಹೆಸರನ್ನೂ 1975ರ ಏಪ್ರಿಲ್ 19 ಎಂಬ ದಿನಾಂಕವನ್ನೂ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಏನನ್ನು ನೋಡಲು ಹೋಗಿತ್ತೆಂದು ಕೇಳುವವರು ವಿರಳ. ಆ 360 ಕಿಲೋಗ್ರಾಂ ಉಪಗ್ರಹದ ಮೂರು ವೈಜ್ಞಾನಿಕ ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳ ವೀಕ್ಷಣೆ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ನಿಂತವು. ಅಷ್ಟರೊಳಗೆ ಅದು ಸಿಗ್ನಸ್ ಎಕ್ಸ್-1ನ್ನು ನೋಡಿಯಾಗಿತ್ತು! ಕೆಟ್ಟುಹೋಯಿತೆಂದು ಅದನ್ನು ಹಳಿಯುವವರು ಈ ಮಾತನ್ನೂ ನೆನೆಯಬೇಕು.

ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದಲ್ಲಿದ್ದ ಉಪಕರಣವು ನಮ್ಮ ಆಕಾಶಗಂಗೆಯದೇ ಆದ ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿಯ ಸ್ಫೋಟಗಳನ್ನು ದಾಖಲಿಸಿತು. 1999ರಲ್ಲಿ ಅಮೆರಿಕ ಹಾರಿಸಿದ ದೂರದರ್ಶಕಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನಲ್ಲಿ 'ಚಂದ್ರ' ಎಂಬ ಹೆಸರಿಟ್ಟರು. ಆಗಸದ ಎಲ್ಲೆಡೆಯಿಂದ ಬರುವ ಮಸುಕಾದ ಕ್ಷ-ಕಿರಣದ ಬಹುಪಾಲು ದೂರದ ಗೆಲಾಕ್ಸಿಗಳ ನಡುವಿನ ದೈತ್ಯ ಕಪ್ಪುಕುಳಿಗಳ ಸುತ್ತಲಿನದು ಎಂದು ಅದು ತೋರಿಸಿಕೊಟ್ಟಿತು. 2015ರ ಸೆಪ್ಟೆಂಬರ್ 28ರಂದು ನಮ್ಮದೇ ಆಸ್ಟ್ರೋಸ್ಯಾಟ್ ಕಕ್ಷೆ ಸೇರಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ರಾವ್ ಅವರು 2017ರಲ್ಲಿ ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ: ಆ ಒಂದು ಅಂಕದ ಉತ್ತರ ಬರೆಸಿದ ಮೇಲೆ, ಅದಮಾರಿನ ಹುಡುಗನೊಬ್ಬ ಸಿಗ್ನಸ್‌ನ ಕಪ್ಪುಕುಳಿಯತ್ತ ಉಪಕರಣ ತಿರುಗಿಸಿದ ಕಥೆಯನ್ನೂ ಐದು ನಿಮಿಷ ಹೇಳಿರಿ.