ಬೆಲ್ಟಿನಿಂದ ಎಣ್ಣೆಗೆ: ನಮ್ಮ ಗದ್ದೆಗಿಳಿದ ಯಂತ್ರಗಳ ಕತೆ

ಕಳೆದ ಏಣೆಲು ಕೊಯ್ಲಿನ ಸಮಯ. ನರಿಕೊಂಬಿನ ಒಂದು ಬಯಲಿನಲ್ಲಿ ಕಟಾವು ಯಂತ್ರ ಬೆಳಿಗ್ಗೆ ಚೆನ್ನಾಗಿಯೇ ಓಡಿತ್ತು. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹುಣಿ ಹತ್ತಲು ಆಗದೆ ನಿಂತುಬಿಟ್ಟಿತು. ಎಂಜಿನ್ ಕೂಗುತ್ತಿದೆ, ಲಿವರ್ ಪೂರ್ತಿ ಮುಂದೆ ತಳ್ಳಿದೆ, ಪಟ್ಟಿ ಮಾತ್ರ ಅಲುಗುತ್ತಿಲ್ಲ. ಪಡುವಣದಲ್ಲಿ ಮೋಡ ಕಟ್ಟಿತ್ತು. ಮಲಗಿದ ಪೈರಿಗೆ ಎರಡು ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಗದ್ದೆಯವರ ಮುಖ ನೋಡಲು ಆಗುತ್ತಿರಲಿಲ್ಲ.

ಊರಿನ ಹಳೆಯ ಟಿಲ್ಲರ್ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಬಂದವರು ಮೊದಲು ಬೆಲ್ಟು ಒತ್ತಿ ನೋಡಿದರು. ಬಿಗಿಯಾಗಿಯೇ ಇತ್ತು.

"ಕ್ಲಚ್ ಜಾರ್ತದಾ ಮಾವ?" ಅಂತ ಕೇಳಿದೆ.

"ನಮ್ಮ ಟಿಲ್ಲರಿನ ಹಾಗೆ ಜಾರ್ಲಿಕ್ಕೆ ಇದ್ರಲ್ಲಿ ಕ್ಲಚ್ಚೇ ಇಲ್ಲ ಮಾರಾಯ. ಇದು ನಡೆಯುವುದು ಎಣ್ಣೆಯಲ್ಲಿ" ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಎತ್ತು ಕಟ್ಟುತ್ತಿದ್ದ ಗದ್ದೆಗೆ ಎಣ್ಣೆಯಲ್ಲಿ ನಡೆಯುವ ಯಂತ್ರ ಬಂದದ್ದು ಹೇಗೆ?

ನಮ್ಮ ಕಡೆಯ ಯಂತ್ರದ ಕತೆ ಶುರುವಾಗುವುದು ಟಿಲ್ಲರಿನಿಂದ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪೆನಿ ಜಪಾನಿನ ಮಿತ್ಸುಬಿಷಿಯ ಜೊತೆ ಸೇರಿ ಹುಟ್ಟಿಕೊಂಡಿತು. 1973ರಲ್ಲಿ ಕೇರಳ ಸರ್ಕಾರದ ಕಾಮ್ಕೋ ಅತ್ತಾಣಿಯಲ್ಲಿ ಆರಂಭವಾಯಿತು. ಅದರ ತಂತ್ರಜ್ಞಾನವೂ ಜಪಾನಿನದೇ, ಕುಬೋಟಾದ್ದು. ಜಪಾನಿನ ಗದ್ದೆಗಳೂ ನಮ್ಮವುಗಳ ಹಾಗೆ ಸಣ್ಣ, ಕೆಸರು, ಮೆಟ್ಟಿಲು ಮೆಟ್ಟಿಲು. ದೊಡ್ಡ ಟ್ರ್ಯಾಕ್ಟರಿಗೆ ತಿರುಗಲು ಜಾಗವಿಲ್ಲದ ಕಡೆ ಟಿಲ್ಲರ್ ಸಲೀಸಾಗಿ ಇಳಿಯಿತು.

ಅದೇ ಹೊತ್ತಿಗೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿಗೆ ಮಾಡುತ್ತಿದ್ದ ಸಾವಿರಾರು ಒಕ್ಕಲುಗಳು ನಮ್ಮ ಜಿಲ್ಲೆಯಲ್ಲಿ ಜಾಗದ ಒಡೆಯರಾದರು. ನಮ್ಮ ಹಿರಿಯರು ಇಂದಿಗೂ "ಡಿಕ್ಲರೇಶನ್ ಆದ ಮೇಲೆ" ಎಂದೇ ಕಾಲದ ಲೆಕ್ಕ ಹೇಳುತ್ತಾರೆ. ಸ್ವಂತವಾದ ಸಣ್ಣ ಹಿಡುವಳಿಗೆ ಸಣ್ಣ ಯಂತ್ರ ಸರಿಹೊಂದಿತು. ಒಬ್ಬರು ಕೊಂಡರೆ ನಾಲ್ಕು ಮನೆಯವರು ಬಾಡಿಗೆಗೆ ಕರೆದರು.

ಟಿಲ್ಲರಿನ ದೊಡ್ಡ ಗುಣವೆಂದರೆ ಅದರ ಹೊಟ್ಟೆಯೊಳಗಿನದ್ದು ಅರ್ಥವಾಗುತ್ತದೆ. ಎಂಜಿನ್, ಬೆಲ್ಟು, ಕ್ಲಚ್, ಗೇರು, ಗಾಲಿ. ಹಾಳಾದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಲ್ಲು ಮುರಿದರೆ ಹೊಸ ಗೇರು, ಬೆಲ್ಟು ಸವೆದರೆ ಹೊಸ ಬೆಲ್ಟು. (ಇಳಿಜಾರಿನಲ್ಲಿ ಎಡ ಕ್ಲಚ್ ಒತ್ತಿದರೆ ಬಲಕ್ಕೆ ತಿರುಗುವ ಅದರ ಹುಚ್ಚು ಬೇರೆ ವಿಷಯ. ಅದನ್ನು ಬಿದ್ದೇ ಕಲಿಯಬೇಕು.) ಸೀಮೆಎಣ್ಣೆಯಲ್ಲಿ ಗೇರು ತೊಳೆದು, ಹಳೆ ಬನಿಯನಿನಲ್ಲಿ ಒರೆಸಿ, ಅಂಗಳದಲ್ಲೇ ಜೋಡಿಸುವ ಮೆಕ್ಯಾನಿಕರ ಒಂದು ತಲೆಮಾರೇ ಹೀಗೆ ತಯಾರಾಯಿತು.

ಎಣ್ಣೆಯಲ್ಲಿ ನಡೆಯುವ ವಿದ್ಯೆ ಹುಟ್ಟಿದ್ದು ಗದ್ದೆಯಲ್ಲಲ್ಲ, ಯುದ್ಧದ ಹಡಗಿನಲ್ಲಿ. 1900ರ ದಶಕದಲ್ಲಿ ಅಮೆರಿಕದ ವಿಲಿಯಮ್ಸ್ ಮತ್ತು ಜಾನ್ನಿ ಎಂಬಿಬ್ಬರು ರೂಪಿಸಿದ ಸಾಧನವನ್ನು ಹಡಗಿನ ಭಾರೀ ಫಿರಂಗಿಗಳನ್ನು ತಿರುಗಿಸಲು ಬಳಸಿದರು. ಜರ್ಕಿಲ್ಲದೆ, ಬೇಕಾದಷ್ಟೇ ನಿಧಾನಕ್ಕೆ, ಎರಡೂ ಕಡೆಗೆ ತಿರುಗಬೇಕು, ಅದು ಅಲ್ಲಿನ ಅಗತ್ಯ. 1954ರಲ್ಲಿ ಇಂಗ್ಲೆಂಡಿನ ಕೃಷಿ ಎಂಜಿನಿಯರಿಂಗ್ ಸಂಸ್ಥೆಯೊಂದು ಅದನ್ನು ಟ್ರ್ಯಾಕ್ಟರಿಗೆ ಕೂಡಿಸಿ ತೋರಿಸಿತು. 1960ರ ದಶಕದಲ್ಲಿ ಅಮೆರಿಕದ ಮನೆಯಂಗಳದ ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರುಗಳಿಗೂ ಅದು ಇಳಿಯಿತು. ನಮ್ಮ ಬಯಲಿಗೆ ಬಂದದ್ದು ಪಟ್ಟಿಯ ಮೇಲೆ ಓಡುವ ಕಟಾವು ಯಂತ್ರಗಳ ಮೂಲಕ. ಅವುಗಳಲ್ಲಿ ಅನೇಕವು ಕೊಯ್ಲಿನ ಸಮಯದಲ್ಲಿ ತಮಿಳುನಾಡಿನಿಂದ ಲಾರಿ ಹತ್ತಿ ಬರುತ್ತವೆ. 2014-15ರಲ್ಲಿ ಸರ್ಕಾರ ಹೋಬಳಿಗೊಂದರಂತೆ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆಯಲು ಹೊರಟಿತು. ಅವುಗಳಲ್ಲಿ ಹಲವನ್ನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಡೆಸಿತು. ಯಂತ್ರ ಕೊಳ್ಳಲಾಗದವರಿಗೂ ಬಾಡಿಗೆಗೆ ಸಿಕ್ಕಿತು.

ಇದರ ಒಳಗೆ ನಡೆಯುವುದು ಇಷ್ಟು. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಸಣ್ಣ ಪಿಸ್ಟನ್‌ಗಳು ಒಂದು ಓರೆ ತಟ್ಟೆಯ ಮೇಲೆ ಜಾರುತ್ತ ಎಣ್ಣೆಯನ್ನು ಒತ್ತಡದಲ್ಲಿ ನೂಕುತ್ತವೆ. ಆ ಎಣ್ಣೆ ಇನ್ನೊಂದು ಕಡೆಯ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಪಟ್ಟಿಯನ್ನು. ನೀವು ಲಿವರ್ ತಳ್ಳಿದಾಗ ಬದಲಾಗುವುದು ತಟ್ಟೆಯ ಓರೆ. ಓರೆ ಹೆಚ್ಚಾದರೆ ವೇಗ, ನೇರವಾದರೆ ನಿಲುಗಡೆ, ಆಚೆ ಬಾಗಿದರೆ ಹಿಂದಕ್ಕೆ. ಪಿಸ್ಟನ್‌ಗೂ ಅದರ ಗೂಡಿಗೂ ನಡುವಿನ ಸಂದು ತಲೆಗೂದಲಿಗಿಂತ ಸಣ್ಣ. ಆದ್ದರಿಂದ ಟಿಲ್ಲರಿನ ಗೇರು ಸಹಿಸುವ ಕೊಳೆಯನ್ನು ಇದು ಸಹಿಸುವುದಿಲ್ಲ. ಹಳೆ ಬನಿಯನಿನ ಒಂದು ನೂಲು, ಕೊಡೆಯಡಿ ನಿಂತು ಎಣ್ಣೆ ಸುರಿಯುವಾಗ ಬಿದ್ದ ಎರಡು ಹನಿ ಮಳೆ, ಡಬ್ಬದ ತಳದ ಮಣ್ಣು, ಇಷ್ಟೇ ಸಾಕು.

ಮತ್ತೆ ನಮ್ಮ ಗದ್ದೆಗೆ ಬರೋಣ. ಬೆಳಿಗ್ಗೆ ಬಲವಿದ್ದು ಬಿಸಿಲೇರಿದ ಮೇಲೆ ಸೋಲುವುದು ಎಣ್ಣೆ ಕಾದು ತೆಳ್ಳಗಾಗಿದೆ ಎಂಬುದರ ಗುರುತು. ತೆಳ್ಳಗಾದ ಎಣ್ಣೆ ಸಂದಿನಲ್ಲಿ ಸೋರುತ್ತದೆ, ಒತ್ತಡ ನಿಲ್ಲುವುದಿಲ್ಲ. ಮೆಕ್ಯಾನಿಕರು ಎಣ್ಣೆ ತಂಪು ಮಾಡುವ ಕೂಲರಿನ ಜಾಲರಿ ತೆಗೆಸಿದರು. ಹೊಟ್ಟು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಗಾಳಿ ಹೋಗುವ ದಾರಿಯೇ ಇರಲಿಲ್ಲ. ಊದಿ ತೆಗೆದು, ಒಂದು ಗಂಟೆ ತಣಿಯಲು ಬಿಟ್ಟರು. ಯಂತ್ರ ಹುಣಿ ಹತ್ತಿತು. ಹೊಟ್ಟು ತೆಗೆದ ಮೇಲೂ ಬಿಸಿಯಲ್ಲಿ ಸೋಲುತ್ತಿದ್ದರೆ ಪಂಪೋ ಮೋಟಾರೋ ಸವೆದಿದೆ ಎಂದರ್ಥ, ಅದು ಗದ್ದೆಯಲ್ಲಿ ಆಗುವ ಕೆಲಸವಲ್ಲ.

ಆಮೇಲೆ ಚಾ ಕುಡಿಯುತ್ತ ಅವರು ಹೇಳಿದ್ದನ್ನು ಬರೆದುಕೊಂಡೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ಮತ್ತೆ ಓಡಿಸಬಾರದು. ಕೀಚು ಸದ್ದು ಬಂದರೆ ಎಣ್ಣೆ ಕಡಿಮೆ, ಅಥವಾ ಫಿಲ್ಟರ್ ಕಟ್ಟಿದೆ, ಅಥವಾ ಗಾಳಿ ಹೊಕ್ಕಿದೆ. ಲಿವರ್ ನಡುವೆ ಇದ್ದರೂ ತೆವಳಿದರೆ ಹೆಚ್ಚಾಗಿ ಹೊರಗಿನ ಲಿಂಕಿನ ಹೊಂದಾಣಿಕೆ ತಪ್ಪಿರುತ್ತದೆ, ಪಂಪು ಬಿಚ್ಚಲು ಹೊರಡಬೇಡಿ. ಗಾರ್ಡನ್ ಟ್ರ್ಯಾಕ್ಟರ್ ಇರುವವರು ಅದನ್ನು ಎಳೆಯುವ ಮೊದಲು ಬೈಪಾಸ್ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಮುಚ್ಚಲು ಮರೆತು "ಗಾಡಿ ಹೋಗುವುದಿಲ್ಲ" ಎಂದು ಫೋನ್ ಮಾಡಿದವರೂ ಇದ್ದಾರಂತೆ. ಯಾವ ಎಣ್ಣೆ ಎಂಬುದನ್ನು ಕೈಪಿಡಿ ನೋಡಿಯೇ ಹಾಕಬೇಕು, ಟಿಲ್ಲರಿನ ಗೇರ್ ಆಯಿಲ್ ಉಳಿದಿದೆ ಅಂತ ಸುರಿಯಬಾರದು. ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿದರೆ ಎಣ್ಣೆ ಗಾಡಿಯನ್ನು ಹಿಡಿದಿಡುವುದಿಲ್ಲ, ಬ್ರೇಕ್ ಹಾಕಲೇಬೇಕು.

ಒಂದು ವಿಷಯವನ್ನು ಅವರು ಎರಡು ಸಲ ಹೇಳಿದರು. ಪೈಪ್ ಎಲ್ಲಿ ಸೋರುತ್ತದೆ ಎಂದು ಬೆರಳಿಟ್ಟು ನೋಡಬಾರದು. ಆ ಒತ್ತಡದ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಂದು ಕತ್ತಲೆಯಾಗುವ ಮೊದಲು ಮೂರು ಗದ್ದೆ ಮುಗಿಯಿತು, ಕೊನೆಯ ಒಂದು ಉಳಿಯಿತು. ರಾತ್ರಿ ಮಳೆ ಬಂತು. ಆ ಒಂದು ಗದ್ದೆಯನ್ನು ಮನೆಯವರೇ ಕತ್ತಿಯಲ್ಲಿ ಕೊಯ್ದರು.

ಮೊನ್ನೆ ಮೆಕ್ಯಾನಿಕರ ಶೆಡ್ಡಿಗೆ ಹೋಗಿದ್ದೆ. ಟಿಲ್ಲರಿನ ಸಾಮಾನು ಹಾಗೆಯೇ ಹರಡಿಕೊಂಡಿದೆ, ನಡುವೆ ಸೀಮೆಎಣ್ಣೆಯ ಬಟ್ಟಲು. ಗೋಡೆಯ ಮೇಲೆ ಮಾತ್ರ ಒಂದು ಹೊಸ ಆಲಿಕೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೇತುಹಾಕಿದ್ದು. "ಅದನ್ನು ಮುಟ್ಬೇಡ" ಎಂದರು, "ಕೈ ತೊಳ್ದು ಬಾ."