ಬೆಕ್ಕು ಟ್ರೇ ಬಿಟ್ಟು ಹಾಸಿಗೆ, ಅಕ್ಕಿ ಚೀಲದ ಮೇಲೆ ಉಚ್ಚೆ ಮಾಡ್ತಿದೆಯಾ? ಬೈಯುವ ಮುಂಚೆ ನೋಡಬೇಕಾದ್ದು ಇಷ್ಟು

ಬಿಳೇಕಹಳ್ಳಿ: ವರ್ಷಗಟ್ಟಲೆ ಟ್ರೇನಲ್ಲೇ ಎಲ್ಲ ಮುಗಿಸುತ್ತಿದ್ದ ಬೆಕ್ಕು ಒಂದು ದಿನ ಇದ್ದಕ್ಕಿದ್ದ ಹಾಗೆ ಹಾಸಿಗೆ ಮೇಲೆ ಮೂತ್ರ ಮಾಡುತ್ತದೆ. ಮಾರನೇ ದಿನ ಸೋಫಾ, ಅದರ ಮಾರನೇ ದಿನ ಒಗೆಯಲು ಗುಡ್ಡೆ ಹಾಕಿದ ಬಟ್ಟೆ. ಬಾಡಿಗೆ ಮನೆಯಾದರೆ ವಾಸನೆಗೆ ಮಾಲೀಕರು ಏನಂತಾರೋ, ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡೀತಾರೋ ಅನ್ನೋ ಚಿಂತೆ. ದಿನಸಿ ಅಂಗಡಿಯಾದರೆ ಒಂದೊಂದು ಸಲಕ್ಕೂ ಒಂದೊಂದು ಚೀಲ ನಷ್ಟ. ಬೈದು, ಹೊಡೆದು ಸಾಕಾದ ಮೇಲೆ 'ಎಲ್ಲಾದರೂ ದೂರ ಬಿಟ್ಟು ಬರೋಣ' ಅನ್ನೋ ಮಾತು ಶುರುವಾಗುತ್ತದೆ.

ಬೆಕ್ಕು ಸೇಡಿಗಾಗಿ ಹೀಗೆ ಮಾಡುವುದಿಲ್ಲ. ಒಂದೋ ಅದಕ್ಕೆ ಮೈ ಸರಿ ಇಲ್ಲ, ಇಲ್ಲವೇ ಟ್ರೇ ಸರಿ ಇಲ್ಲ, ಅದೂ ಅಲ್ಲದಿದ್ದರೆ ಸುತ್ತಮುತ್ತ ಏನೋ ಅದನ್ನು ಹೆದರಿಸುತ್ತಿದೆ. ಇದೇ ಕ್ರಮದಲ್ಲಿ ಒಂದೊಂದಾಗಿ ನೋಡಿಕೊಂಡು ಹೋದರೆ ಹೆಚ್ಚಿನ ಮನೆಗಳಲ್ಲಿ ಸಮಸ್ಯೆ ಹತೋಟಿಗೆ ಬರುತ್ತದೆ. ಕ್ರಮ ತಪ್ಪಿದರೆ ಕೆಲವೊಮ್ಮೆ ಬೆಕ್ಕಿನ ಜೀವಕ್ಕೇ ಕುತ್ತು.

ಗಂಡು ಬೆಕ್ಕು ತಿಣುಕುತ್ತಿದ್ದರೆ ತಡ ಬೇಡ

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಕಿರಿದು. ಸಣ್ಣ ಹರಳು ಅಥವಾ ಲೋಳೆಯಂಥ ಗಟ್ಟಿ ಪದಾರ್ಥ ಅಲ್ಲಿ ಸಿಕ್ಕಿಕೊಂಡರೆ ದಾರಿ ಪೂರ್ತಿ ಬಂದ್. ಆಗ ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ. ಬರುವುದು ಒಂದೆರಡು ಹನಿ, ಇಲ್ಲವೇ ಏನೂ ಇಲ್ಲ. ಬಚ್ಚಲು, ಸಿಂಕ್, ತಣ್ಣನೆ ನೆಲದ ಮೇಲೂ ಕೂತು ನೋಡುತ್ತದೆ. ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆ. ಆಮೇಲೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೂಲೆ ಸೇರಿ ಮಲಗುತ್ತದೆ.

ತುಂಬಾ ಜನ ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಕಾಯುತ್ತಾರೆ. ಕಾಯಬಾರದು. ಮೂತ್ರ ಹೊರಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಸ್ಥಿತಿ ಒಂದೆರಡು ದಿನದಲ್ಲೇ ಬರಬಹುದು. ರಾತ್ರಿ ಕಂಡರೆ ರಾತ್ರಿಯೇ ಹೊರಡಬೇಕು. ಡಾಕ್ಟರ್ ಮಂಪರು ಕೊಟ್ಟು, ನಳಿಗೆ ಹಾಕಿ ದಾರಿ ಬಿಡಿಸುತ್ತಾರೆ. ಮನೆಯಲ್ಲಿ ಹೊಟ್ಟೆ ಒತ್ತಿ ನೋಡುವುದು ಅಪಾಯ. ಮನುಷ್ಯರ ನೋವಿನ ಮಾತ್ರೆ, ಅದರಲ್ಲೂ ಪ್ಯಾರಾಸಿಟಮಾಲ್ ಅಂತೂ ಕೊಡಲೇಬಾರದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಸರ್ಕಾರಿ ವ್ಯವಸ್ಥೆಯಲ್ಲಿ ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಎರಡೂ ಬಿಳೇಕಹಳ್ಳಿಯಿಂದ ದೂರ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ಗೊತ್ತೇ ಇದೆ. ಹಾಗಾಗಿ ಹತ್ತಿರದ ಯಾವ ಕ್ಲಿನಿಕ್ ರಾತ್ರಿ ತೆರೆದಿರುತ್ತದೆ ಎಂದು ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಉಳಿದ ಕಾಯಿಲೆಗಳು

ದಾರಿ ಬಂದ್ ಆಗದಿದ್ದರೂ ಮೂತ್ರಕೋಶದ ಉರಿಯೂತ ಇರಬಹುದು. ಪದೇ ಪದೇ ಸ್ವಲ್ಪ ಸ್ವಲ್ಪ ಹೋಗುವುದು, ಮೂತ್ರದಲ್ಲಿ ರಕ್ತ ಇದರ ಲಕ್ಷಣ. ಸೋಂಕೇ ಇಲ್ಲದೆ ಬರುವ ಉರಿಯೂತ ಬೆಕ್ಕುಗಳಲ್ಲಿ ಸಾಮಾನ್ಯ. ಮಾನಸಿಕ ಒತ್ತಡದಿಂದ ಅದು ಹೆಚ್ಚುತ್ತದೆ. ಟ್ರೇನಲ್ಲಿ ಕೂತಾಗ ಉರಿಯಾದರೆ ಬೆಕ್ಕು ಆ ನೋವಿಗೆ ಟ್ರೇಯೇ ಕಾರಣ ಅಂದುಕೊಳ್ಳುತ್ತದೆ, ಮೆತ್ತಗಿನ ಜಾಗ ಹುಡುಕುತ್ತದೆ. ಹಾಸಿಗೆ ಮೇಲೆ ಮಾಡುವುದು ಎಷ್ಟೋ ಸಲ ಇದಕ್ಕೇ.

ನೀರು ಜಾಸ್ತಿ ಕುಡಿದು ದೊಡ್ಡ ದೊಡ್ಡ ಮಡುವಾಗಿ ಮೂತ್ರ ಮಾಡುತ್ತಿದ್ದರೆ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದೆಯೇ ನೋಡಿಸಬೇಕು. ವಯಸ್ಸಾದ ಬೆಕ್ಕಿಗೆ ಕೀಲು ನೋವಿದ್ದರೆ ಎತ್ತರದ ಟ್ರೇ ಹತ್ತಲು ಆಗುವುದಿಲ್ಲ. ಒಂದು ಕಡೆ ಅಂಚು ತಗ್ಗಿಸಿದರೆ ಸಾಕು. ಬರೀ ಒಣ ಕಾಳು ತಿನ್ನುವ ಬೆಕ್ಕಿಗೆ ನೀರಿನಂಶ ಕಮ್ಮಿ. ಒದ್ದೆ ಆಹಾರ, ಎರಡು ಮೂರು ಕಡೆ ನೀರಿನ ಬಟ್ಟಲು ಇಟ್ಟರೆ ಮೂತ್ರ ತೆಳುವಾಗುತ್ತದೆ. ಹಾಲನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ.

ಕೂತು ಮಾಡಿದ್ದೋ, ನಿಂತು ಚಿಮ್ಮಿಸಿದ್ದೋ?

ನೆಲದ ಮೇಲೆ ಕೂತು, ಮಡುವಾಗಿ ಮಾಡಿದ್ದರೆ ಅದು ಮೂತ್ರ ವಿಸರ್ಜನೆ. ಗೋಡೆ, ಬಾಗಿಲು, ಪರದೆಗೆ ಬೆನ್ನು ತಿರುಗಿಸಿ ನಿಂತು, ಬಾಲ ಎತ್ತಿ ನಡುಗಿಸುತ್ತಾ ಸ್ವಲ್ಪವೇ ಚಿಮ್ಮಿಸಿದರೆ ಅದು ಗಡಿ ಗುರುತು. ಎರಡಕ್ಕೂ ಪರಿಹಾರ ಬೇರೆ ಬೇರೆ.

ಗಡಿ ಗುರುತು ಮಾಡುವುದು ಹೆಚ್ಚಾಗಿ ಆಪರೇಷನ್ ಆಗದ ಗಂಡು ಬೆಕ್ಕು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಅಥವಾ ಕಮ್ಮಿಯಾಗುತ್ತದೆ. ಚಿಕಿತ್ಸೆಯ ನಂತರವೂ ಚಿಮ್ಮಿಸುವುದು ಗಂಡುಗಳಲ್ಲಿ ಸುಮಾರು ಶೇ 10, ಹೆಣ್ಣುಗಳಲ್ಲಿ ಶೇ 5 ಮಾತ್ರ. ಅಭ್ಯಾಸ ಬೇರೂರುವ ಮುಂಚೆ, 5–6 ತಿಂಗಳ ವಯಸ್ಸಿನಲ್ಲೇ ಮಾಡಿಸುವುದು ಲೇಸು.

ಟ್ರೇನಲ್ಲಿ ತಪ್ಪೆಲ್ಲಿ?

ಡಾಕ್ಟರ್ ಕಾಯಿಲೆ ಇಲ್ಲ ಎಂದರೆ ಮುಂದಿನ ತನಿಖೆ ಟ್ರೇಯದ್ದು.

- ಎಷ್ಟು? ಬೆಕ್ಕಿನ ಸಂಖ್ಯೆಗಿಂತ ಒಂದು ಜಾಸ್ತಿ. ಎರಡು ಬೆಕ್ಕಿದ್ದರೆ ಮೂರು ಟ್ರೇ, ಅದೂ ಬೇರೆ ಬೇರೆ ಜಾಗದಲ್ಲಿ. ಒಂದೇ ಕಡೆ ಸಾಲಾಗಿಟ್ಟರೆ ಜೋರಿನ ಬೆಕ್ಕು ಇನ್ನೊಂದನ್ನು ಹತ್ತಿರ ಸೇರಿಸದು.
- ಎಷ್ಟು ದೊಡ್ಡದು? ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು. ಅಂಗಡಿಯಲ್ಲಿ ಸಿಗುವ ಟ್ರೇಗಳಲ್ಲಿ ಹಲವು ಚಿಕ್ಕವು. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಅಗಲವಾದ ಟಬ್ ಅಗ್ಗವೂ ಹೌದು, ಅನುಕೂಲವೂ ಹೌದು.
- ಒಳಗೆ ಏನು? ಪರಿಮಳ ಇಲ್ಲದ, ನುಣ್ಣಗಿನ ಲಿಟರ್ ಅಥವಾ ಜರಡಿ ಹಿಡಿದ ಮರಳು, ಸುಮಾರು 2 ಇಂಚು. ನಮಗೆ ಘಮ್ಮೆನ್ನುವ ಲ್ಯಾವೆಂಡರ್ ವಾಸನೆ ಬೆಕ್ಕಿಗೆ ತಲೆನೋವು. ಬ್ರ್ಯಾಂಡ್ ಬದಲಿಸುವುದಾದರೆ ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರದಲ್ಲಿ ಬದಲಿಸಿ.
- ಎಲ್ಲಿ? ಇಲ್ಲಿನ ಫ್ಲಾಟ್‌ಗಳಲ್ಲಿ ಟ್ರೇ ಇಡುವುದು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಬೆಕ್ಕು ಕೂತಿದ್ದಾಗ ಒಮ್ಮೆ ಮೆಷಿನ್ ಗಡಗಡ ಅಂದರೆ ಮುಗೀತು, ಮತ್ತೆ ಆ ಕಡೆ ಸುಳಿಯದು. ಊಟದ ಬಟ್ಟಲ ಪಕ್ಕವೂ ಬೇಡ.
- ಶುಚಿ: ದಿನಕ್ಕೆ ಒಮ್ಮೆಯಾದರೂ ಗಡ್ಡೆ ತೆಗೆಯಬೇಕು. ವಾರ, ಹದಿನೈದು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಸಾದಾ ಸೋಪಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಗರ್ಭಿಣಿಯರು ಈ ಕೆಲಸ ಬೇರೆಯವರಿಗೆ ಬಿಡುವುದು ಸುರಕ್ಷಿತ. ಬೆಕ್ಕಿನ ಮಲದ ಮೂಲಕ ಹರಡುವ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಯಾವುದು ಇಷ್ಟ ಎಂದು ಬೆಕ್ಕನ್ನೇ ಕೇಳುವ ಉಪಾಯವಿದೆ. ಎರಡು ಟ್ರೇ ಇಟ್ಟು ಒಂದರಲ್ಲಿ ಮರಳು, ಇನ್ನೊಂದರಲ್ಲಿ ಲಿಟರ್ ಹಾಕಿ. ನಾಲ್ಕು ದಿನದಲ್ಲಿ ಉತ್ತರ ಸಿಗುತ್ತದೆ.

ಸುತ್ತಮುತ್ತ ಏನು ಬದಲಾಯಿತು?

ಹೊಸ ಮಗು, ಹೊಸ ಬೆಕ್ಕು, ಮನೆ ಬದಲಾವಣೆ, ದೀಪಾವಳಿ ಪಟಾಕಿ, ಪಕ್ಕದ ಸೈಟಿನಲ್ಲಿ ಕಟ್ಟಡ ಕೆಲಸ – ಯಾವುದಾದರೂ ಸಾಕು. ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಗುಲಾಬಿ ಮಾರ್ಗದ ಕೆಲಸ ವರ್ಷಗಟ್ಟಲೆ ನಡೆದಿದ್ದನ್ನು ಕಂಡವರಿಗೆ ಸದ್ದಿನ ಕಾಟ ಹೇಳಬೇಕಿಲ್ಲ. ಬೆಕ್ಕಿನ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ. ಬೀದಿಯ ಗಂಡು ಬೆಕ್ಕು ಕಿಟಕಿ ಹೊರಗೆ ಬಂದು ಕೂರುತ್ತಿದ್ದರೆ ಒಳಗಿನದು ಬಾಗಿಲ ಬಳಿಯೇ ಗುರುತು ಹಾಕುತ್ತದೆ. ಆ ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದರೂ ಉಪಯೋಗ. ಅಡಗಲು ಒಂದು ರಟ್ಟಿನ ಡಬ್ಬ, ಹತ್ತಿ ಕೂರಲು ಎತ್ತರದ ಜಾಗ, ಹೊತ್ತಿಗೆ ಸರಿಯಾಗಿ ಊಟ – ಹೆದರಿದ ಬೆಕ್ಕಿಗೆ ಇವೇ ಔಷಧ.

ಫಿನಾಯಿಲ್ ಬೇಡ

ವಾಸನೆ ಬಂದ ತಕ್ಷಣ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಕಪ್ಪು ಫಿನಾಯಿಲ್, ಬಿಳಿ ಫಿನಾಯಿಲ್, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ನಂಜುನಾಶಕ – ಯಾವುದೂ ಬೆಕ್ಕಿಗೆ ಒಳ್ಳೆಯದಲ್ಲ. ಇಂಥ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಮ್ಮಿ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷ ಒಳಗೆ ಹೋಗುತ್ತದೆ. ಬ್ಲೀಚಿಂಗ್ ಕೂಡ ಬೇಡ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ಮನುಷ್ಯರಿಗೂ ಕೆಟ್ಟ ಅನಿಲ ಹುಟ್ಟುತ್ತದೆ.

ಮೊದಲು ಹಳೇ ಬಟ್ಟೆ ಅಥವಾ ಪೇಪರ್ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರಲ್ಲಿ ಒರೆಸಿ. ಆಮೇಲೆ ಪೆಟ್ ಶಾಪ್‌ನಲ್ಲಿ ಸಿಗುವ ಎಂಜೈಮ್ ಕ್ಲೀನರ್ ಧಾರಾಳವಾಗಿ ಹಾಕಿ, ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ನಮ್ಮ ಮೂಗಿಗೆ ವಾಸನೆ ಹೋದರೂ ಯೂರಿಕ್ ಆಮ್ಲದ ಹರಳು ಉಳಿದರೆ ಬೆಕ್ಕು ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಹಳೇ ಕಲೆ ಎಲ್ಲಿದೆ ಗೊತ್ತಾಗದಿದ್ದರೆ, ಅಂಗಡಿಯವರು ಕಳ್ಳನೋಟು ನೋಡಲು ಬಳಸುವ ನೇರಳೆ ಟಾರ್ಚನ್ನು ಕತ್ತಲೆಯಲ್ಲಿ ಬಿಡಿ. ಮೂತ್ರದ ಕಲೆ ಹೊಳೆಯುತ್ತದೆ.

ಅಂಗಡಿ ಬೆಕ್ಕಿನ ಕಥೆ

ಇಲಿ ಕಾಟಕ್ಕೆಂದು ಬೆಕ್ಕು ಸಾಕುವ ದಿನಸಿ ಅಂಗಡಿಗಳು ಇಂದಿಗೂ ಇವೆ. ರಾತ್ರಿ ಶಟರ್ ಎಳೆದರೆ ಮತ್ತೆ ತೆಗೆಯುವುದು ಬೆಳಿಗ್ಗೆ. ಅಷ್ಟು ಹೊತ್ತು ಒಳಗಿರುವ ಬೆಕ್ಕಿಗೆ ಟ್ರೇಯೇ ಇಲ್ಲದಿದ್ದರೆ ಮೆತ್ತಗಿನ ಗೋಣಿಚೀಲ ಬಿಟ್ಟು ಬೇರೆ ಜಾಗವೆಲ್ಲಿದೆ?

ಆದರೆ ಇಲ್ಲಿ ಕಾನೂನಿನ ಮಾತೂ ಇದೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಿಯಮದ ಪ್ರಕಾರ ಆಹಾರ ಪದಾರ್ಥ ಇಡುವ ಜಾಗಕ್ಕೆ ಪ್ರಾಣಿಗಳನ್ನು ಬಿಡುವಂತಿಲ್ಲ. ಮೂತ್ರ ತಾಗಿದ ಅಕ್ಕಿ, ಬೇಳೆಯನ್ನು ಒಣಗಿಸಿ ಮಾರುವುದು ಗಿರಾಕಿಗೆ ಮಾಡುವ ಮೋಸ. ಇಲಿಗೆ ಸಂದು ಮುಚ್ಚುವುದು, ಚೀಲಗಳನ್ನು ಹಲಗೆ ಮೇಲೆ ಗೋಡೆಯಿಂದ ದೂರ ಇಡುವುದು, ಬೋನು ಇಡುವುದೇ ಸರಿಯಾದ ದಾರಿ. ಬೆಕ್ಕಿಗೆ ಅಂಗಡಿಯ ಹೊರಗೆ, ಮಹಡಿಯಲ್ಲಿ ಅಥವಾ ಮನೆಯಲ್ಲಿ ಜಾಗ ಮಾಡಿ ಒಂದು ಮರಳಿನ ಟಬ್ ಇಡಿ.

ಬಿಟ್ಟು ಬರುವ ಮಾತು

ಮನೆಯಲ್ಲಿ ಬೆಳೆದ ಬೆಕ್ಕಿಗೆ ಬೀದಿಯಲ್ಲಿ ಊಟ ಹುಡುಕಲು, ನಾಯಿಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಹೊಡೆದು, ಮೂತ್ರಕ್ಕೆ ಮೂಗು ಉಜ್ಜಿ ಬುದ್ಧಿ ಕಲಿಸುವುದೂ ಸುಳ್ಳು. ಅದರಿಂದ ಬೆಕ್ಕು ಕಲಿಯುವುದು ಒಂದೇ: ಮನೆಯವರ ಕಣ್ಣಿಗೆ ಬೀಳದ ಮೂಲೆ ಹುಡುಕುವುದು.

ಮೊದಲ ವಾರದ ಪಟ್ಟಿ

1. ಇವತ್ತೇ: ಮೂತ್ರ ಸರಾಗವಾಗಿ ಬರುತ್ತಿದೆಯೇ ಕಣ್ಣಾರೆ ನೋಡಿ. ಬರದಿದ್ದರೆ ಆ ಕ್ಷಣವೇ ಆಸ್ಪತ್ರೆ.
2. ಒಂದೆರಡು ದಿನದೊಳಗೆ: ಸರಾಗವಾಗಿದ್ದರೂ ಡಾಕ್ಟರ್ ಹತ್ತಿರ ಮೂತ್ರ ಪರೀಕ್ಷೆ ಮಾಡಿಸಿ.
3. ಹಳೇ ಕಲೆಗಳನ್ನೆಲ್ಲ ಎಂಜೈಮ್ ಕ್ಲೀನರ್‌ನಲ್ಲಿ ತೆಗೆಯಿರಿ. ಫಿನಾಯಿಲ್ ನಿಲ್ಲಿಸಿ.
4. ಒಂದು ದೊಡ್ಡ ಟ್ರೇ ಹೆಚ್ಚಿಗೆ ಇಡಿ, ಸದ್ದಿಲ್ಲದ ಮೂಲೆಯಲ್ಲಿ.
5. ಎಲ್ಲಿ, ಯಾವಾಗ, ಎಷ್ಟು ಮಾಡಿತು ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ. ಡಾಕ್ಟರ್‌ಗೆ ಅದೇ ದೊಡ್ಡ ಸುಳಿವು.

ಅಭ್ಯಾಸ ಹಳೆಯದಾದಷ್ಟೂ ಬಿಡಿಸಲು ಹೆಚ್ಚು ದಿನ ಬೇಕು. ಆದ್ದರಿಂದ ಮೊದಲ ಸಲ ಹಾಸಿಗೆ ಒದ್ದೆಯಾದಾಗಲೇ ಪಟ್ಟಿಯ ಮೊದಲ ಕೆಲಸ ಶುರುವಾಗಲಿ.